ಅಮ್ಮನ ಆರೈಕೆಗೆ ಮೂರು ವ್ಯವಸ್ಥೆಗಳು: ರಾತ್ರಿ ಪಾಳಿಯಿಂದ ಅಳೆದದ್ದು

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ, ಅಂಗಳದಲ್ಲಿ ಸಂಪಿಗೆ ಮರವಿರುವ ಎರಡಂತಸ್ತಿನ ಮನೆಯನ್ನು ಹನ್ನೆರಡು ಹಾಸಿಗೆಗಳ ಆರೈಕೆ ಕೇಂದ್ರವಾಗಿ ಮಾರ್ಪಡಿಸಿ ಒಂದು ಟ್ರಸ್ಟ್ ನಡೆಸುತ್ತಿದೆ. ನಮ್ಮ ಅಮ್ಮ ಏಳು ತಿಂಗಳಿಂದ ಅಲ್ಲಿದ್ದಾರೆ. ಅವರನ್ನು ಬೇರೆಡೆಗೆ ಕರೆದೊಯ್ಯುವ ಯೋಚನೆ ನನಗಿಲ್ಲ. ಈ ಹೋಲಿಕೆಯಲ್ಲಿ ನನ್ನ ತಕ್ಕಡಿ ಯಾವ ಕಡೆ ವಾಲಿದೆ ಎಂಬುದು ಓದುವವರಿಗೆ ಮೊದಲೇ ತಿಳಿದಿರಲಿ ಎಂದು ಇದನ್ನು ಹೇಳಿದೆ.

ಅಮ್ಮನಿಗೆ 78 ವರ್ಷ. ಬೆಂಗಳೂರಿನಲ್ಲಿ ಅಕ್ಕನ ಮನೆಯಲ್ಲಿದ್ದಾಗ ಲಕ್ವ ಹೊಡೆದು ಬಲಭಾಗ ಸ್ವಾಧೀನ ತಪ್ಪಿತು. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಐದು ವಾರ ಬೆಂಗಳೂರಿನ ಹೊರವಲಯದ ಹೊಸ, ದೊಡ್ಡ ಆರೈಕೆ ಕೇಂದ್ರವೊಂದರಲ್ಲಿದ್ದರು. ನಂತರ ಮೂರು ತಿಂಗಳು ಮೈಸೂರಿನ ನನ್ನ ಮನೆಯಲ್ಲಿ, ಏಜೆನ್ಸಿಯೊಂದು ಕಳುಹಿಸಿದ ಸಹಾಯಕಿಯರ ನೆರವಿನಿಂದ ನೋಡಿಕೊಂಡೆವು. ಆಮೇಲೆ ಈಗಿನ ಮನೆ, ಅಂದರೆ ಟ್ರಸ್ಟಿನ ಈ ಕೇಂದ್ರ. ಹುಡುಕಾಟ ಆರಂಭಿಸುವವರಿಗೆ ಒಂದು ಮಾತು: ನಮ್ಮಲ್ಲಿ 'ನರ್ಸಿಂಗ್ ಹೋಮ್' ಎಂದು ಕೇಳಿದರೆ ಹೆರಿಗೆ ಮಾಡಿಸುವ ಸಣ್ಣ ಆಸ್ಪತ್ರೆಗಳ ಪಟ್ಟಿಯೇ ಸಿಗುತ್ತದೆ, 'ವೃದ್ಧಾಶ್ರಮ' ಎಂದು ಕೇಳಿದರೆ ಎದ್ದು ಓಡಾಡುವವರನ್ನು ಮಾತ್ರ ಸೇರಿಸಿಕೊಳ್ಳುವ ಕಡೆಗಳು ಸಿಗುತ್ತವೆ. ಹಾಸಿಗೆ ಹಿಡಿದವರನ್ನು ಸೇರಿಸಿಕೊಳ್ಳುತ್ತೀರಾ ಎಂಬುದನ್ನೇ ಮೊದಲ ಪ್ರಶ್ನೆಯಾಗಿ ಕೇಳಬೇಕು.

ಕೋಣೆಯ ಅಳತೆ, ಎಸಿ, ಕೈತೋಟ ಇತ್ಯಾದಿಗಳನ್ನು ಎಲ್ಲರೂ ತಾವಾಗಿಯೇ ತೋರಿಸುತ್ತಾರೆ. ಅವುಗಳ ಬಗ್ಗೆ ಬರೆಯುವುದಿಲ್ಲ. ನನ್ನನ್ನು ಕಾಡಿದ ವಿಷಯ ಒಂದೇ, ಹಾಸಿಗೆಯ ಕಾಲಬಳಿ ತೂಗುಹಾಕಿದ್ದ ಒಂದು ಹಾಳೆ.

ತಾವಾಗಿ ಹೊರಳಲಾರದ ರೋಗಿಯನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲವಾದರೆ ಬಾಲಮೂಳೆ, ಸೊಂಟ, ಹಿಮ್ಮಡಿಗಳಂತಹ ಮೂಳೆ ಎದ್ದಿರುವ ಕಡೆ ಚರ್ಮ ನಜ್ಜಾಗಿ, ರಕ್ತ ಹರಿಯದೆ ಒತ್ತಡದ ಹುಣ್ಣು ಏಳುತ್ತದೆ. ಬೆಂಗಳೂರಿನ ಕೇಂದ್ರದಲ್ಲಿ ಇದಕ್ಕಾಗಿ ಅಂದವಾಗಿ ಮುದ್ರಿಸಿದ ಪಟ್ಟಿಯೊಂದಿತ್ತು. ನಾಲ್ಕನೆಯ ವಾರದ ಶನಿವಾರ, ರೈಲು ಇಳಿದವನು ಅಕ್ಕನ ಮನೆಗೆ ಹೋಗದೆ ನೇರವಾಗಿ ಅಲ್ಲಿಗೇ ಹೋದೆ. ರಾತ್ರಿ ಒಂಬತ್ತೂ ಇಪ್ಪತ್ತಾಗಿತ್ತು. ಪಟ್ಟಿಯಲ್ಲಿ ಹತ್ತು ಗಂಟೆಗೆ ಬಲ, ಹನ್ನೆರಡಕ್ಕೆ ಅಂಗಾತ, ಎರಡಕ್ಕೆ ಎಡ, ನಾಲ್ಕಕ್ಕೆ ಬಲ, ಬೆಳಗಿನ ಆರಕ್ಕೆ ಅಂಗಾತ ಎಂದು ಒಂದೇ ನೀಲಿ ಪೆನ್ನಿನಲ್ಲಿ, ಒಂದೇ ಓಟದ ಬರಹದಲ್ಲಿ ಸಹಿ ಸಮೇತ ತುಂಬಿತ್ತು. ಇನ್ನೂ ಬಾರದ ರಾತ್ರಿಗೆ ಸಹಿ ಬಿದ್ದಾಗಿತ್ತು.

ಮೇಲ್ವಿಚಾರಕರನ್ನು ಕೇಳಿದಾಗ, "ಅದು ಪ್ಲಾನ್ ಸರ್, ಮಾಡಬೇಕಾದ್ದನ್ನು ಮೊದಲೇ ಬರೆದಿಡ್ತೀವಿ" ಎಂದು ಸ್ವಲ್ಪವೂ ಅಳುಕದೆ ಉತ್ತರಿಸಿದರು. ಯೋಜನೆಯಾದರೆ ಸಹಿ ಏಕೆ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ಅಮ್ಮನ ಕೆಳಗೆ ಗಾಳಿಹಾಸಿಗೆಯಿತ್ತು, ಅದಕ್ಕೆ ಪ್ರತ್ಯೇಕ ಬಾಡಿಗೆಯನ್ನೂ ಪಡೆಯುತ್ತಿದ್ದರು. ಕೈಯಿಟ್ಟು ನೋಡಿದರೆ ಅದು ಚಪ್ಪಟೆಯಾಗಿತ್ತು. ಬಗ್ಗಿ ನೋಡಿದೆ: ಹಾಸಿಗೆಯ ಮೋಟಾರಿನ ಪ್ಲಗ್ಗನ್ನು ಕಿತ್ತು, ಆ ಜಾಗದಲ್ಲಿ ಯಾರೋ ಮೊಬೈಲ್ ಚಾರ್ಜಿಗೆ ಹಾಕಿದ್ದರು. ಪಾಳಿಯಲ್ಲಿದ್ದ ಸಹಾಯಕಿಯನ್ನು ನಾನು ಬೈಯಲಿಲ್ಲ. ಎರಡು ಅಂತಸ್ತುಗಳ ನಲವತ್ತು ಜನರಿಗೆ ಆ ರಾತ್ರಿ ಇದ್ದವರು ಒಬ್ಬ ನರ್ಸ್ ಮತ್ತು ಇಬ್ಬರು ಸಹಾಯಕಿಯರು. ಅವರಲ್ಲಿ ಅರ್ಧದಷ್ಟು ರೋಗಿಗಳು ಹಾಸಿಗೆ ಹಿಡಿದವರೆಂದರೂ, ಎರಡು ಗಂಟೆಗೊಮ್ಮೆ ಇಪ್ಪತ್ತು ಜನರನ್ನು ಹೊರಳಿಸುವುದು ಆ ಮೂವರಿಂದ ಆಗುವ ಕೆಲಸವಾಗಿರಲಿಲ್ಲ. ಸುಳ್ಳು ಬರೆಯದೆ ಆ ಪಾಳಿಯನ್ನು ಮುಗಿಸುವ ದಾರಿಯೇ ಅವರಿಗಿರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನೂ ನಾನೂ ಅಮ್ಮನನ್ನು ಮಗ್ಗುಲಾಗಿಸಿ ನೋಡಿದೆವು. ಬಾಲಮೂಳೆಯ ಮೇಲೆ ಅಂಗೈಯಗಲದ ಕಂದುಗೆಂಪು ಮಚ್ಚೆಯಿತ್ತು. ಆರೋಗ್ಯವಂತ ಚರ್ಮವನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿ ಮತ್ತೆ ಬಣ್ಣ ಬರುತ್ತದೆ. ಇಲ್ಲಿ ಒತ್ತಿದರೂ ಬಣ್ಣ ಬದಲಾಗಲಿಲ್ಲ. ನಮ್ಮ ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣದ ಕಾರಣ ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕೆಂದು ವೈದ್ಯರು ಆಮೇಲೆ ಹೇಳಿಕೊಟ್ಟರು. ಐದೇ ದಿನಗಳಲ್ಲಿ ಚರ್ಮ ಒಡೆಯಿತು. ಹುಣ್ಣು ಮಾಯಲು ಎರಡೂವರೆ ತಿಂಗಳು ಬೇಕಾಯಿತು.

ಮನೆಯಲ್ಲಿ ಕಳೆದ ಮೂರು ತಿಂಗಳ ಬಗ್ಗೆ ದೂರುವುದು ಕೃತಘ್ನತೆಯಾದೀತು, ಏಕೆಂದರೆ ಆ ಹುಣ್ಣು ಮಾಯ್ದದ್ದು ಅಲ್ಲಿಯೇ. ಆದರೆ ಮಾಯಿಸಿದವರು ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಲು ಬರುತ್ತಿದ್ದ ನರ್ಸ್ ಮತ್ತು ರಾತ್ರಿಯಿಡೀ ಅಲಾರಂ ಇಟ್ಟುಕೊಂಡು ಏಳುತ್ತಿದ್ದ ನನ್ನ ಹೆಂಡತಿ. ಇಪ್ಪತ್ತನಾಲ್ಕು ಗಂಟೆಯ ಸಹಾಯಕಿ ಎಂದು ಏಜೆನ್ಸಿ ಕಳುಹಿಸಿದವರೂ ಮನುಷ್ಯರೇ, ರಾತ್ರಿ ನಿದ್ದೆ ಮಾಡುತ್ತಾರೆ, ಮಾಡಲೇಬೇಕು. ಮೂರು ತಿಂಗಳಲ್ಲಿ ನಾಲ್ಕು ಜನ ಬದಲಾದರು. ಬಿಳಿ ಕೋಟು ತೊಟ್ಟವರೆಲ್ಲ ನರ್ಸ್ ಅಲ್ಲ ಎಂಬುದೂ ಆಗಲೇ ಅರಿವಾಯಿತು: ಮೂರು ವರ್ಷದ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಓದಿ, ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ನೋಂದಣಿ ಸಂಖ್ಯೆ ಕೇಳಿದರೆ ನಿಜವಾದ ನರ್ಸ್ ಬೇಸರಪಡುವುದಿಲ್ಲ.

ಈಗಿನ ಮನೆಗೆ ಸೇರಿಸಿದ ದಿನ ಹಿರಿಯ ನರ್ಸಮ್ಮ ಅಮ್ಮನ ಹೆಸರು ಕೇಳುವುದಕ್ಕೂ ಮುಂಚೆ ಹೊದಿಕೆ ಸರಿಸಿ ಹಿಮ್ಮಡಿ ನೋಡಿದರು. ಆಮೇಲೆ ಒತ್ತಡದ ಹುಣ್ಣಿನ ಅಪಾಯ ಎಷ್ಟೆಂದು ತಿಳಿಸುವ ಬ್ರೇಡನ್ ಅಳತೆಯ ಹಾಳೆ ತೆಗೆದು ಸ್ಪರ್ಶಜ್ಞಾನ, ತೇವ, ಚಟುವಟಿಕೆ, ಹೊರಳುವ ಶಕ್ತಿ, ಊಟ, ಉಜ್ಜಾಟ ಎಂಬ ಆರು ಅಂಶಗಳಿಗೆ ಅಂಕ ಹಾಕಿದರು. ಅದರ ಮೊತ್ತ 6ರಿಂದ 23ರವರೆಗೆ ಇರುತ್ತದೆ. 18 ಅಥವಾ ಕಡಿಮೆ ಬಂದರೆ ಹುಣ್ಣಿನ ಅಪಾಯವಿದೆಯೆಂದು ಅರ್ಥ. ಅಮ್ಮನಿಗೆ 13 ಬಂತು. ಬೆಂಗಳೂರಿನಲ್ಲಿ ನಮಗೆ ಮೊದಲ ದಿನ ಕೊಟ್ಟದ್ದು ಹೂಗುಚ್ಛ.

ಮಗ್ಗುಲು ಬದಲಿಸಿದ ಲೆಕ್ಕವನ್ನು ಅವರು ಬರೆಯುವುದು ಶಾಲೆಯ ಮಕ್ಕಳ ನೂರು ಪುಟದ ನೋಟ್‌ಬುಕ್ಕಿನಲ್ಲಿ. ಮೊದಲ ವಾರ ನಾನು ಅದರ ಪುಟಗಳನ್ನು ಪತ್ತೇದಾರನಂತೆ ತಿರುವಿದೆ. ಒಂದು ಕಡೆ ಹೀಗಿತ್ತು: "2.35, ಎಡ. ತಡ ಆಯ್ತು, 4ನೇ ಹಾಸಿಗೆ ವಾಂತಿ." ಅದನ್ನು ಓದಿದ ಮೇಲೆ ನನಗೆ ನಂಬಿಕೆ ಬಂತು. ತಡವಾದದ್ದನ್ನು ತಡವೆಂದೇ ಬರೆಯುವವರು ಉಳಿದದ್ದನ್ನೂ ನಿಜವೇ ಬರೆದಿರುತ್ತಾರೆ. ಹನ್ನೆರಡು ಜನರಿಗೆ ಇಲ್ಲಿ ರಾತ್ರಿ ಒಬ್ಬ ಜಿಎನ್‌ಎಂ ನರ್ಸ್, ಇಬ್ಬರು ಸಹಾಯಕಿಯರು. ಬೆಂಗಳೂರಿನಲ್ಲಿ ನಲವತ್ತು ಜನರಿಗೆ ಇದ್ದದ್ದೂ ಅಷ್ಟೇ ಮಂದಿ.

ಊಟದ ವಿಷಯ ಚುಟುಕಾಗಿ: ರುಚಿಯಲ್ಲಿ ಬೆಂಗಳೂರಿಗೇ ಮೊದಲ ಸ್ಥಾನ. ಆದರೆ ಲಕ್ವದ ನಂತರ ಅಮ್ಮನಿಗೆ ನುಂಗುವುದು ಕಷ್ಟ. ತೆಳ್ಳಗಿನ ನೀರು ತಪ್ಪಿ ಶ್ವಾಸನಾಳಕ್ಕೆ ಇಳಿಯುವ ಭಯ ಹೆಚ್ಚು, ಗಟ್ಟಿ ರಾಗಿಗಂಜಿ ಅದಕ್ಕಿಂತ ಸಲೀಸು. ಕೂರಿಸಿ ಉಣಿಸಬೇಕು, ಉಂಡ ಮೇಲೂ ಅರ್ಧ ಗಂಟೆಯಾದರೂ ತಲೆಯ ಕಡೆ ಎತ್ತರಿಸಿರಬೇಕು. ಈಗಿನ ಮನೆಯಲ್ಲಿ ಅಡುಗೆಯ ಹೆಂಗಸಿಗೂ ಇದು ಗೊತ್ತಿದೆ. ನಮ್ಮ ಮನೆಗೆ ಬಂದಿದ್ದ ಎರಡನೆಯ ಸಹಾಯಕಿ ಮಲಗಿದ್ದವರ ಬಾಯಿಗೆ ಚಮಚದಲ್ಲಿ ನೀರು ಬಿಡುತ್ತಿದ್ದಳು.

ಮಾತ್ರೆಗಳ ದಾಖಲೆ ಮೂರೂ ಕಡೆ ತೃಪ್ತಿಕರ.

ಈಗಿನ ಮನೆಯ ಕೊರತೆಗಳನ್ನು ಮುಚ್ಚಿಡುವುದಿಲ್ಲ. ಲಿಫ್ಟ್ ಇಲ್ಲ. ಎರಡು ಕೋಣೆಗಳಿಗೆ ಒಂದೇ ಬಚ್ಚಲು. ಸಂಜೆ ಆರರಿಂದ ಒಂಬತ್ತರವರೆಗೆ ಧಾರಾವಾಹಿಗಳ ಅಬ್ಬರಕ್ಕೆ ಬಿಡುವಿಲ್ಲ, ಬಲಗಿವಿ ಮಂದವಾಗಿರುವ ನಮ್ಮ ಅಮ್ಮನೇ ಅದನ್ನು ಜೋರು ಮಾಡಿಸುವವರಲ್ಲಿ ಒಬ್ಬರೆಂದು ತಿಳಿದ ಮೇಲೆ ದೂರು ಕೊಡುವುದನ್ನು ಬಿಟ್ಟೆ. ನನ್ನನ್ನು ನಿಜವಾಗಿ ಚಿಂತೆಗೀಡು ಮಾಡುವುದು ಮಹಡಿಗೆ ಇರುವ ಒಂದೇ ಕಿರಿದಾದ ಮೆಟ್ಟಿಲು. ಬೆಂಕಿ ಹತ್ತಿದರೆ ಮೇಲಿನ ಐದು ಜನರನ್ನು ಇಳಿಸುವುದು ಹೇಗೆ ಎಂದು ಕೇಳಿದಾಗ ಬೆಡ್‌ಶೀಟಿನಲ್ಲಿ ಸುತ್ತಿ ಎಳೆದುಕೊಂಡು ಬರುವ ಕ್ರಮವನ್ನು ಮಾಡಿ ತೋರಿಸಿದರು. ಸಮಾಧಾನ ಅರ್ಧವಷ್ಟೇ ಆಯಿತು. ಈ ಒಂದು ವಿಷಯದಲ್ಲಿ ಇಳಿಜಾರು ದಾರಿ ಮತ್ತು ಎರಡು ಮೆಟ್ಟಿಲುಸಾಲುಗಳಿದ್ದ ಬೆಂಗಳೂರಿನ ಕಟ್ಟಡವೇ ಮೇಲು.

ಹಣದ ಲೆಕ್ಕ ಹೀಗಿದೆ. ಬೆಂಗಳೂರಿನಲ್ಲಿ ತಿಂಗಳಿಗೆ 55,000 ರೂಪಾಯಿ, ಮೇಲೆ ಡೈಪರ್, ಗಾಳಿಹಾಸಿಗೆ, ಫಿಸಿಯೋಥೆರಪಿ ಪ್ರತ್ಯೇಕ. ಎರಡು ತಿಂಗಳ ಠೇವಣಿಯಲ್ಲಿ ಒಂದು ತಿಂಗಳದ್ದು ಇನ್ನೂ ಮರಳಿಲ್ಲ. ಮನೆಯಲ್ಲಿ ಏಜೆನ್ಸಿಗೆ 27,000, ಜೊತೆಗೆ ಡ್ರೆಸ್ಸಿಂಗ್ ಖರ್ಚು ಮತ್ತು ಹೆಂಡತಿಯ ಸಂಬಳವಿಲ್ಲದ ರಜೆ. ಈಗ 24,000. ನೋಂದಾಯಿತ ಧರ್ಮಾರ್ಥ ಸಂಸ್ಥೆಗಳು 60 ವರ್ಷ ಮೀರಿದವರಿಗೆ ವಸತಿ, ಊಟ, ಆರೈಕೆ ಸೇರಿಸಿ ತಿಂಗಳಿಗೆ 25,000 ರೂಪಾಯಿಯವರೆಗೆ ಪಡೆಯುವ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಬಿಲ್ಲಿನ ಮೊತ್ತ ಅಲ್ಲಿಗೇ ನಿಲ್ಲುತ್ತದೆ. ಅಪ್ಪನ ಕುಟುಂಬ ಪಿಂಚಣಿಯಲ್ಲಿ ಇದು ಹೆಚ್ಚೂಕಡಿಮೆ ಸರಿದೂಗುತ್ತದೆ. ಠೇವಣಿಯ ವಿಚಾರವಾಗಿ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿದ್ದೇನೆ.

ನನ್ನ ಆಯ್ಕೆಯಲ್ಲಿ ನನ್ನ ಅಭ್ಯಾಸದ ಪಾಲೂ ಇದೆ. ಕಚೇರಿಯಿಂದ ಮರಳುವಾಗ ಸ್ಕೂಟರ್ ನಿಲ್ಲಿಸಿ ಹದಿನೈದು ನಿಮಿಷ ಕೂತು ಬರುವಷ್ಟು ಹತ್ತಿರದಲ್ಲಿದೆ ಈ ಮನೆ. ತಿಂಗಳಿಗೆ ಎರಡು ಸಲ ರಾತ್ರಿ ಹತ್ತರ ಮೇಲೆ ಹೇಳದೆ ಹೋದರೂ ಬಾಗಿಲು ತೆರೆಯುತ್ತಾರೆ. ಹೊರದೇಶದಲ್ಲಿದ್ದು, ದಿನವೂ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಮತ್ತು ತಿಂಗಳ ವರದಿ ಬೇಕೆನ್ನುವ ಮಕ್ಕಳಿಗೆ ದೊಡ್ಡ ಕೇಂದ್ರಗಳ ಕಚೇರಿ ವ್ಯವಸ್ಥೆ ಹೆಚ್ಚು ಹೊಂದಬಹುದು. ಅಂಥವರೂ ಸ್ಥಳೀಯ ಬಂಧುಗಳೊಬ್ಬರನ್ನು ರಾತ್ರಿ ಒಂಬತ್ತರ ನಂತರ ಕಳುಹಿಸಿ ಆ ಪಟ್ಟಿಯ ಫೋಟೋ ತರಿಸಿಕೊಳ್ಳಲಿ.

ಕೆಳಗಿನ ಅಂತಸ್ತಿನಲ್ಲಿ, ಸಂಪಿಗೆ ಮರದ ಕಡೆಗಿರುವ ಹಾಸಿಗೆ ಮುಂದಿನ ತಿಂಗಳು ಖಾಲಿಯಾಗಲಿದೆ. ಅಲ್ಲಿರುವ ಅಜ್ಜಿ ಚೇತರಿಸಿಕೊಂಡು ಮಗಳ ಮನೆಗೆ ಹೊರಟಿದ್ದಾರೆ. ಮೆಟ್ಟಿಲಿನ ಭಯ ತಪ್ಪಲೆಂದು ಅದನ್ನು ಅಮ್ಮನಿಗೆ ಕೊಡಿ ಎಂದು ಬರೆದುಕೊಟ್ಟು ಬಂದಿದ್ದೇನೆ. ಟಿವಿ ಮೇಲೆಯೇ ಇರುವುದರಿಂದ ಅಮ್ಮ ಮಾತ್ರ ಇನ್ನೂ ಒಪ್ಪಿಲ್ಲ.