ಸ್ಟೇಡಿಯಂ ಬರುತ್ತೆ ಅಂತ ಪ್ಲಾಟ್ ತಗೊಳ್ಳೋ ಮುಂಚೆ ಪಹಣಿಯ 11ನೇ ಕಾಲಂ ನೋಡಿ

ಕಲಬುರಗಿ ರಿಂಗ್ ರೋಡಿನ ಆಚೆ ಪ್ಲಾಟ್ ಹುಡುಕುತ್ತಿದ್ದೀರಾ? ಏಜೆಂಟ್ ಬಾಯಲ್ಲಿ "ಹೊಸ ಸ್ಟೇಡಿಯಂ" ಅನ್ನೋ ಮಾತು ಬಂದರೆ ಅಲ್ಲೇ ನಿಲ್ಲಿ. ಆ ಮಾತು ನಂಬಿ ನಾನು 3 ಲಕ್ಷ 10 ಸಾವಿರ ಕೊಟ್ಟು ಕೂತಿದ್ದೇನೆ.

ಎಳ್ಳಮಾವಾಸ್ಯೆಯ ಮರುದಿನ ಅದು. ಏಜೆಂಟ್ ತನ್ನ ಕಾರಿನಲ್ಲೇ ಕರೆದುಕೊಂಡು ಹೋದ. ನನ್ನ ಹೆಂಡತಿ ಉಳಿದ ಭಜ್ಜಿ, ಸಜ್ಜಿ ರೊಟ್ಟಿ ಡಬ್ಬಿಗೆ ಹಾಕಿಕೊಂಡಿದ್ದಳು. ಸುತ್ತ ಬಿಳಿಜೋಳ ಎದೆಯೆತ್ತರ ನಿಂತಿತ್ತು. ನಡುವೆ ಒಂದು ಹೊಲ ಮಾತ್ರ ಖಾಲಿ. ಕಪ್ಪು ಮಣ್ಣಿನ ಮೇಲೆ ಸುಣ್ಣ ಹಚ್ಚಿದ ಕಲ್ಲುಗಳ ಸಾಲು. ನೋಡೋಕೆ ಲೇಔಟ್ ಥರಾನೇ ಇತ್ತು. ಅವನು ಮೊಬೈಲಿನಲ್ಲಿ ಒಂದು ನಕ್ಷೆ ತೋರಿಸಿದ. ಅದರ ಮೇಲೆ ಕೆಂಪು ಗೋಲ. "ಸ್ಟೇಡಿಯಂ ಇಲ್ಲೇ ಬರ್ಲತ್ತದ ಅಣ್ಣಾ. ಏರ್‌ಪೋರ್ಟ್ ಟೈಮಿನಾಗ ತಗೊಂಡವ್ರು ಇವತ್ತ ಎಲ್ಲಿ ಅದಾರ ನೋಡ್ರಿ." ನಮ್ಮೂರಿಗೆ ಏರ್‌ಪೋರ್ಟ್ 2019ರಲ್ಲಿ ಬಂದಿದ್ದು ನಿಜ ತಾನೆ, ಇದೂ ನಿಜವೇ ಇರಬೇಕು ಅನ್ನಿಸಿತು. ಆ ಕೆಂಪು ಗೋಲ ಬರೆದವರು ಯಾರು ಅಂತ ಕೇಳೋಕೆ ಹೊಳೆಯಲೇ ಇಲ್ಲ.

30 ಅಡಿ 40 ಅಡಿಯ ಪ್ಲಾಟ್, ಚದರಡಿಗೆ 350 ರೂಪಾಯಿ. ನಂಬರ್ 27. ಬಯಾನಾ 1 ಲಕ್ಷ ಕೊಟ್ಟೆ, ಆಮೇಲೆ ಎರಡು ಕಂತು. ರಿಜಿಸ್ಟ್ರಿ ಯಾವಾಗ ಅಂದರೆ "ಎನ್‌ಎ ಆಗ್ಲಿ, ಆಮ್ಯಾಗ" ಅಂದ. ಎನ್‌ಎ ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸೋ ಅನುಮತಿ. ಅಲ್ಲಿವರೆಗೆ ನೋಟರಿ ಮಾಡಿಸಿದ ಬಾಂಡ್ ಪೇಪರ್ ಒಂದು ಕೈಗೆ ಕೊಟ್ಟ.

ಮಳೆಗಾಲದಲ್ಲಿ ಸುಮ್ನೆ ನೋಡಿಕೊಂಡು ಬರೋಣ ಅಂತ ಹೋದೆ. ನಮ್ಮ ಎರಿ ಮಣ್ಣು ಗೊತ್ತಲ್ಲ, ಇಪ್ಪತ್ತು ಹೆಜ್ಜೆಗೆ ಚಪ್ಪಲಿ ಸೇರಿಗೆ ಸೇರು ಭಾರ. ಅಲ್ಲಿ ಇನ್ನೊಬ್ಬರು ಚಪ್ಪಲಿ ಕೈಯಲ್ಲಿ ಹಿಡಿದು ಕಲ್ಲು ಎಣಿಸುತ್ತಿದ್ದರು. ಶಹಾಬಾದಿನ ಕಡೆಯವರು, ಟೇಲರ್. ಮಾತಿಗೆ ಮಾತು ಬಂದು ಅವರೂ ತಮ್ಮ ಬಾಂಡ್ ತೆಗೆದರು. ನಂಬರ್ 27. ನನ್ನದಕ್ಕಿಂತ ಹನ್ನೆರಡು ದಿನ ಮುಂಚಿನ ತಾರೀಖು.

ಇಬ್ಬರಿಗೂ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಅವತ್ತು ರಾತ್ರಿ ನಾನು ಮೊದಲ ಸಲ ಪಹಣಿ ತೆಗೆದೆ. ಆನ್‌ಲೈನಿನಲ್ಲೇ ಸಿಗುತ್ತೆ, ಐದು ನಿಮಿಷದ ಕೆಲಸ. ಇದನ್ನು ಮೊದಲೇ ಮಾಡಿದ್ದರೆ! 9ನೇ ಕಾಲಂನಲ್ಲಿ ಮೂವರು ಅಣ್ಣ ತಮ್ಮಂದಿರ ಹೆಸರು ಜಂಟಿಯಾಗಿದೆ. ಬಾಂಡಿಗೆ ಸಹಿ ಹಾಕಿದ್ದು ಒಬ್ಬನೇ. 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ ಕೂತಿದೆ. ಕುಡಾದಲ್ಲಿ, ಅಂದರೆ ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ, ಸರ್ವೆ ನಂಬರ್ ಹೇಳಿ ಕೇಳಿದೆ. ಮಾಸ್ಟರ್ ಪ್ಲಾನ್‌ನಲ್ಲಿ ಅದು ಕೃಷಿ ವಲಯ, ಲೇಔಟಿಗೆ ಮಂಜೂರಾತಿ ಇಲ್ಲ. 500 ಚದರ ಮೀಟರಿಗಿಂತ ದೊಡ್ಡ ಲೇಔಟ್ ಮಾಡಿ ಮಾರಬೇಕಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು, ಅದೂ ಇಲ್ಲ. ಇನ್ನು ಋಣಭಾರ ಪತ್ರ, ನಾವೆಲ್ಲ ಇಸಿ ಅಂತೀವಲ್ಲ, ಅದರಲ್ಲಿ ನೋಂದಣಿ ಆದ ವ್ಯವಹಾರ ಮಾತ್ರ ಬರುತ್ತೆ. ನೋಟರಿ ಬಾಂಡ್ ಬರಲ್ಲ. ಹಾಗಾಗಿ ಒಂದೇ ಪ್ಲಾಟನ್ನು ಹತ್ತು ಜನಕ್ಕೆ ಮಾರಿದರೂ ಇಸಿ ಸ್ವಚ್ಛವಾಗೇ ಕಾಣುತ್ತೆ.

ಸರಿ, ಸ್ಟೇಡಿಯಂ ನಿಜವಾಗಿಯೂ ಅಲ್ಲೇ ಬಂತು ಅಂದುಕೊಳ್ಳಿ. ಪರಿಚಯದ ವಕೀಲರೊಬ್ಬರು ಹೇಳಿದ್ದು ಕೇಳಿ ನನಗೆ ಇನ್ನೂ ಹೊಟ್ಟೆ ಉರಿಯಿತು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಜಮೀನು ತಗೊಂಡರೆ, ಮೊದಲ ಅಧಿಸೂಚನೆ ಬಂದ ಮೇಲೆ ಆ ಜಮೀನನ್ನು ಮಾರೋದು, ಕೊಳ್ಳೋದು ಎಲ್ಲ ಬಂದ್. ಪರಿಹಾರಕ್ಕೆ ಲೆಕ್ಕ ಹಿಡಿಯೋದು ಸರ್ಕಾರಿ ದರ, ಇಲ್ಲವೇ ಸುತ್ತಮುತ್ತ ನೋಂದಣಿ ಆದ ಕ್ರಯಪತ್ರಗಳ ದರ. ಏಜೆಂಟ್ ಹೇಳಿದ ದರ ಅಲ್ಲ. ಆ ಪರಿಹಾರವೂ ಮೊದಲು ಹೋಗೋದು ದಾಖಲೆಯಲ್ಲಿ ಹೆಸರಿದ್ದವರಿಗೆ. ಬಾಂಡ್ ಹಿಡಿದವನು ಕೋರ್ಟಿನ ಮೆಟ್ಟಿಲು ಹತ್ತಬೇಕು. ಅಂದರೆ ಸ್ಟೇಡಿಯಂ ಬರದಿದ್ದರೂ ನಾನು ಕೆಟ್ಟೆ, ಬಂದಿದ್ದರೂ ಕೆಡುತ್ತಿದ್ದೆ.

ಪಕ್ಕದಲ್ಲಿ ಬಂದರೆ ರೇಟ್ ಏರುತ್ತಲ್ಲ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಊರಿನಲ್ಲಿ ಚಂದ್ರಶೇಖರ ಪಾಟೀಲ ಸ್ಟೇಡಿಯಂ ಇದೆ. ವರ್ಷದಲ್ಲಿ ಎಷ್ಟು ದಿನ ತುಂಬಿದ್ದು ನೋಡಿದ್ದೀರಿ? ಬೆಳಿಗ್ಗೆ ವಾಕಿಂಗ್‌ಗೆ ಬರೋರನ್ನು ನಂಬಿ ಯಾರೂ ಅಂಗಡಿ ಹಾಕಲ್ಲ. ರಸ್ತೆ, ನೀರು, ಚರಂಡಿ, ಬಸ್ಸು ಬಂದರೆ ಜನ ಬರ್ತಾರೆ, ಬೆಲೆ ಬರುತ್ತೆ. ಬರೀ ಗ್ಯಾಲರಿ ಕಟ್ಟಿದರೆ ಬರಲ್ಲ. ಸುದ್ದಿಗೆ ಮಾತ್ರ ಎಲ್ಲಕ್ಕಿಂತ ಮೊದಲೇ ಬೆಲೆ ಬಂದುಬಿಡುತ್ತೆ. ಆ ಕಡೆ ಬಾಡಿಗೆಗಿರೋ ನನ್ನ ಗೆಳೆಯನಿಗೆ ಮನೆ ಮಾಲೀಕರು "ಇನ್ನು ಇಲ್ಲಿ ಸ್ಟೇಡಿಯಂ ಬರುತ್ತೆ" ಅಂತ ಬಾಡಿಗೆ ಸಾವಿರ ಏರಿಸಿದ್ದಾರೆ. ಒಂದು ಇಟ್ಟಂಗಿ ಬಿದ್ದಿಲ್ಲ ಇನ್ನೂ!

ಕೊನೆಗೆ ಉಳಿದ ಇಬ್ಬರು ಅಣ್ಣ ತಮ್ಮಂದಿರಲ್ಲಿ ಹಿರಿಯವರನ್ನು ಹುಡುಕಿಕೊಂಡು ಹೋದೆವು. ಬದುವಿನ ಮೇಲೆ ಕೂರಿಸಿ ಚಹಾ ಕೊಟ್ಟರು. "ಯಾವ ಸ್ಟೇಡಿಯಂರಿ? ನಮಗ ಒಂದು ನೋಟಿಸ್ ಬಂದಿಲ್ಲ. ಮುಂದಿನ ವಾರ ತೊಗರಿ ಬಿತ್ತಾವ್ರು ಇದ್ದೀವಿ." ಅವರ ಮೇಲೆ ಸಿಟ್ಟು ಮಾಡೋಕೂ ಆಗಲಿಲ್ಲ.

ಏಜೆಂಟ್ 40 ಸಾವಿರ ವಾಪಸ್ ಕೊಟ್ಟು ಈಗ ಫೋನ್ ಎತ್ತುತ್ತಿಲ್ಲ. ನಾನು, ಟೇಲರ್ ಸೇರಿ ಠಾಣೆಗೆ ದೂರು ಕೊಟ್ಟಿದ್ದೇವೆ. ಅದೇ ಹೊಲದ ಬಾಂಡ್ ಇನ್ನೂ ಕೆಲವರ ಹತ್ತಿರ ಇರಲೇಬೇಕು. ನಿಮ್ಮ ಬಾಂಡ್ ತೆಗೆದು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ ವಿವರ, ಓದಿ. "ಪಶ್ಚಿಮಕ್ಕೆ: ನಿಯೋಜಿತ ಸ್ಟೇಡಿಯಂ" ಅಂತ ಬರೆದಿದ್ದರೆ ನಮಗೆ ತಿಳಿಸಿ, ಮುಂದಿನ ವಾರ ಮತ್ತೆ ಠಾಣೆಗೆ ಹೋಗುತ್ತಿದ್ದೇವೆ.