ಕೊರಿಯಾ ಜಾಸ್: ಮೊದಲು ಬ್ಲ್ಯಾಕ್ ಸ್ಟ್ರಿಂಗ್ ಕೇಳಬೇಕಾ, ಸಮುಲ್‌ನೋರಿ ಕೇಳಬೇಕಾ?

ಕೊರಿಯಾದ ಈ ಎರಡೂ ತಂಡಗಳು ಚೆನ್ನಾಗಿವೆ. ಆದರೆ ರುಚಿ ಬೇರೆ ಬೇರೆ.

ಸಮುಲ್‌ನೋರಿ 1978ರಲ್ಲಿ ಸೋಲ್‌ನಲ್ಲಿ ಶುರುವಾದ ತಂಡ. ಹಳ್ಳಿಯ ರೈತರ ತಾಳವಾದ್ಯಗಳನ್ನು ವೇದಿಕೆಗೆ ತಂದವರು. ಎರಡು ಚರ್ಮವಾದ್ಯ, ಎರಡು ಕಂಚಿನ ಜಾಗಟೆ, ಅಷ್ಟೇ. ಆಸ್ಟ್ರಿಯಾದ ಸ್ಯಾಕ್ಸೋಫೋನ್ ವಾದಕ ವುಲ್ಫ್‌ಗಾಂಗ್ ಪುಶ್ನಿಗ್ ಅವರ ರೆಡ್ ಸನ್ ತಂಡದ ಜೊತೆ ಇವರು ಮಾಡಿದ ಆಲ್ಬಮ್ 1994ರಲ್ಲಿ ಜರ್ಮನಿಯ ರೆಕಾರ್ಡ್ ಕಂಪನಿ ಇಸಿಎಂನಿಂದ ಬಂತು. ಅಲ್ಲಿ ಸ್ಯಾಕ್ಸೋಫೋನ್ ತಾಳದ ಮೇಲೆ ತೇಲುತ್ತದೆ. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಮಾಡಿದ 'ಜ್ಯೋತಿ' ಕೂಡ ಇದೇ ಕಂಪನಿಯದು, ಅದು ಇಷ್ಟವಾಗಿದ್ದರೆ ಇದೂ ಹಿಡಿಸುತ್ತದೆ.

ಬ್ಲ್ಯಾಕ್ ಸ್ಟ್ರಿಂಗ್‌ನಲ್ಲಿ ನನಗೆ ಜೀವ ಹೋ ಯುನ್‌ಜಂಗ್ ನುಡಿಸುವ ಗೊಮುನ್‌ಗೊ, ಅಂದರೆ ಕೊರಿಯಾದ ಸಾಂಪ್ರದಾಯಿಕ ತಂತಿವಾದ್ಯ. ಆರು ರೇಷ್ಮೆ ತಂತಿ, ಕೈಯಲ್ಲಿ ಪೆನ್ಸಿಲಿನಷ್ಟು ಸಣ್ಣ ಬಿದಿರಿನ ಕಡ್ಡಿ. ಕಡ್ಡಿ ತಂತಿಗೆ ತಾಗಿ ಮರಕ್ಕೂ ಬಡಿಯುತ್ತದೆ, ಹಾಗಾಗಿ ಒಂದೇ ಏಟಿಗೆ ಸ್ವರವೂ ತಾಳವೂ! ಆಮೇಲೆ ಎಡಗೈ ತಂತಿಯನ್ನು ಒತ್ತಿ ತಳ್ಳಿದಾಗ ಸ್ವರ ಅಲುಗುತ್ತದೆ, ನಮ್ಮ ಗಮಕ ನೆನಪಾಗುತ್ತದೆ ಅಲ್ವಾ? ಎಲೆಕ್ಟ್ರಿಕ್ ಗಿಟಾರ್ ಅದನ್ನು ಮುಚ್ಚಿಹಾಕದೆ ಸುಮ್ನೆ ಪಕ್ಕದಲ್ಲಿ ನಿಲ್ಲುತ್ತದೆ.

ತಾಳ ಜಾಸ್ತಿ ಬೇಕಾದವರು ಸಮುಲ್‌ನೋರಿ ತೆಗೆದುಕೊಳ್ಳಿ. ನನ್ನ ಆಯ್ಕೆ ಬ್ಲ್ಯಾಕ್ ಸ್ಟ್ರಿಂಗ್. 2016ರ 'ಮಾಸ್ಕ್ ಡ್ಯಾನ್ಸ್' ಆಲ್ಬಮ್‌ನಿಂದ ಶುರು ಮಾಡಿ, ಮೊಬೈಲ್ ಸ್ಪೀಕರ್ ಬೇಡ, ಹೆಡ್‌ಫೋನ್ ಹಾಕಿಕೊಳ್ಳಿ. ಆ ಕಡ್ಡಿಯ ಸದ್ದು ಕಿವಿಗೆ ಬೀಳಬೇಕು.