ಅಪ್‌ಡೇಟ್ ಬಂತು ಅಂತ ನಂಬಿ ಕೂತರೆ ಹೀಗಾಗುತ್ತದೆ

2022ರ ಮಾರ್ಚ್‌ನಲ್ಲಿ ‘ಡರ್ಟಿ ಪೈಪ್’ ಸುದ್ದಿ ಬಂದಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಲಿನಕ್ಸ್ ಕರ್ನಲ್ (ಯಂತ್ರವನ್ನೇ ನಡೆಸುವ ಒಳಗಿನ ಮುಖ್ಯ ಪ್ರೋಗ್ರಾಂ) 5.8ನೇ ಆವೃತ್ತಿಯಿಂದಲೂ ಇದ್ದ ಭದ್ರತಾ ತೂತು ಅದು. ಓದಲು ಮಾತ್ರ ಅನುಮತಿ ಇರುವ ಫೈಲನ್ನೂ ಸಾಮಾನ್ಯ ಬಳಕೆದಾರ ತಿದ್ದಬಹುದಿತ್ತು, ಹಾಗೇ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಕೂಡ ಆಗಿಬಿಡಬಹುದಿತ್ತು. ನನ್ನ ಲ್ಯಾಪ್‌ಟಾಪಿಗೆ ಅಪ್‌ಡೇಟ್ ತಾನಾಗಿಯೇ ಬರುತ್ತದೆ, ನನಗೇನು ಅಂದುಕೊಂಡೆ.

ಒಂದು ವಾರ ಬಿಟ್ಟು ಸುಮ್ನೆ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ‘ಯುನೇಮ್ -ಆರ್’ (uname -r, ಈಗ ಓಡುತ್ತಿರುವ ಕರ್ನಲ್ ಯಾವುದೆಂದು ತೋರಿಸುವ ಕಮಾಂಡ್) ಕೊಟ್ಟು ನೋಡಿದೆ. ಜನವರಿಯ ಕರ್ನಲ್ಲೇ ಓಡುತ್ತಿತ್ತು! ತಪ್ಪು ನನ್ನದೇ. ರಾತ್ರಿ ಮುಚ್ಚಳ ಮುಚ್ಚುವುದು, ಬೆಳಿಗ್ಗೆ ತೆಗೆಯುವುದು. ಎರಡು ತಿಂಗಳು ರೀಸ್ಟಾರ್ಟೇ ಮಾಡಿರಲಿಲ್ಲ. ಕೇಳಿದಾಗಲೆಲ್ಲ ‘ಆಮೇಲೆ’ ಒತ್ತಿದ್ದೆ. ಹೊಸ ಕರ್ನಲ್ ಡಿಸ್ಕಿಗೆ ಬಂದು ಕೂತಿದ್ದರೂ ರೀಸ್ಟಾರ್ಟ್ ಆಗುವ ತನಕ ಓಡುವುದು ಹಳೆಯದೇ ಅಲ್ವಾ?

ಗಾಬರಿಯಲ್ಲಿ ತಕ್ಷಣ ರೀಸ್ಟಾರ್ಟ್ ಮಾಡಿದೆ. ಅದು ಎರಡನೇ ಎಡವಟ್ಟು. ಕಪ್ಪು ಪರದೆ, ‘ಕರ್ನಲ್ ಪ್ಯಾನಿಕ್’, ಅಂದರೆ ಕರ್ನಲ್ ಮುಂದೆ ಹೋಗಲಾಗದೆ ನಿಂತುಬಿಟ್ಟಿತ್ತು. ಬೆಳಿಗ್ಗೆ ಆಫೀಸಿಗೆ ಕೊಡಬೇಕಾದ ಲೆಕ್ಕವೆಲ್ಲ ಅದರೊಳಗೇ ಇತ್ತು.

ಆಗಿದ್ದೇನೆಂದರೆ, ಡಿಸ್ಕ್ ಎನ್‌ಕ್ರಿಪ್ಟ್ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ) ಮಾಡಿದ್ದರಿಂದ ಬೂಟ್‌ಗೆ, ಅಂದರೆ ಕರ್ನಲ್ ಫೈಲುಗಳಿರುವ ಫೋಲ್ಡರ್‌ಗೆ, ಡಿಸ್ಕಿನಲ್ಲಿ ಬೇರೆ ಪಾರ್ಟಿಷನ್ ಇತ್ತು, ಬರೀ 500 ಎಂಬಿ. ನನ್ನಲ್ಲಿ ಒಂದೊಂದು ಕರ್ನಲ್ 100 ಎಂಬಿಗಿಂತ ಜಾಸ್ತಿ ಜಾಗ ತಿನ್ನುತ್ತಿತ್ತು. ಹಳೆಯವನ್ನು ತೆಗೆದಿರಲಿಲ್ಲ. ಜಾಗ ಸಾಲದೆ ಹೊಸದರ ಇನಿಟ್‌ರಾಮ್‌ಎಫ್‌ಎಸ್ ಫೈಲ್ (ಆನ್ ಆಗುವಾಗ ಕರ್ನಲ್‌ಗೆ ಬೇಕಾದ ಸಲಕರಣೆಗಳ ಗಂಟು) ತಯಾರಾಗಿರಲೇ ಇಲ್ಲ. ಅದಿಲ್ಲದೆ ಕರ್ನಲ್‌ಗೆ ಎನ್‌ಕ್ರಿಪ್ಟ್ ಆದ ಡಿಸ್ಕ್ ತೆರೆಯಲು ಬರುವುದಿಲ್ಲ. ‘ಜಾಗ ಇಲ್ಲ’ ಅನ್ನುವ ಎಚ್ಚರಿಕೆ ಕೂಡ ಬಂದಿತ್ತು. ಅದನ್ನೂ ನಾನು ಓದದೆ ಮುಚ್ಚಿದ್ದೆ.

ಬದುಕಿಸಿದ್ದು ಗ್ರಬ್ ಮೆನು, ಯಾವ ಕರ್ನಲ್ ಓಡಿಸಬೇಕೆಂದು ಆರಿಸುವ ಪಟ್ಟಿ. ಆನ್ ಆಗುವಾಗ ಎಸ್ಕೇಪ್ ಒತ್ತಿ (ಕೆಲವು ಯಂತ್ರಗಳಲ್ಲಿ ಶಿಫ್ಟ್) ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗಿಂದ ಹಳೆ ಕರ್ನಲ್ ಆರಿಸಿದೆ, ಎದ್ದಿತು. ‘ಸುಡೋ ಆಪ್ಟ್ ಆಟೋರಿಮೂವ್’ (sudo apt autoremove) ಕೊಟ್ಟು ಬೇಡದ ಕರ್ನಲ್‌ಗಳನ್ನು ತೆಗೆದೆ. ಆಮೇಲೆ ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’ (sudo dpkg --configure -a) ಕೊಟ್ಟಾಗ ಅರ್ಧಕ್ಕೆ ನಿಂತಿದ್ದ ಇನ್‌ಸ್ಟಾಲ್ ಕೆಲಸ ಮುಗಿಯಿತು. ಗೆಳೆಯನೊಬ್ಬ ಬೂಟ್ ಫೋಲ್ಡರ್‌ನಿಂದ ಫೈಲುಗಳನ್ನು ಕೈಯಾರೆ ಅಳಿಸು ಅಂದಿದ್ದ. ದಯವಿಟ್ಟು ಆ ಸಾಹಸ ಬೇಡ, ಏನೇನು ಇನ್‌ಸ್ಟಾಲ್ ಆಗಿದೆ ಅನ್ನುವ ಪ್ಯಾಕೇಜ್ ಲೆಕ್ಕವೇ ತಪ್ಪಿಹೋಗುತ್ತದೆ.

ಉಬುಂಟು, ಡೆಬಿಯನ್ ಬಳಸುವವರು ರೀಸ್ಟಾರ್ಟ್‌ಗೆ ಮೊದಲು ‘ಡಿಎಫ್ -ಎಚ್’ (df -h) ಕೊಟ್ಟು ಬೂಟ್‌ನಲ್ಲಿ ಜಾಗ ಇದೆಯಾ ನೋಡಿ. ರೀಸ್ಟಾರ್ಟ್ ಆದಮೇಲೆ ‘ಯುನೇಮ್ -ಆರ್’ ನೋಡಿ. ಇನ್ನೊಂದು ಮಾತು: ಡರ್ಟಿ ಪೈಪ್ ಸರಿಯಾಗಿದ್ದು ಮೂಲ ಲಿನಕ್ಸ್ ಕರ್ನಲ್‌ನ 5.16.11, 5.15.25, 5.10.102 ಆವೃತ್ತಿಗಳಲ್ಲಿ. ನನ್ನದು 5.13 ಅಂತಲೇ ತೋರಿಸುತ್ತಿತ್ತು, ಮತ್ತೆ ಎದೆ ಧಸಕ್ಕೆಂದಿತು. ಆದರೆ ಡಿಸ್ಟ್ರೋದವರು (ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ತಯಾರಿಸಿ ಕೊಡುವವರು) ಹಳೆ ಕರ್ನಲ್‌ಗೇ ತೇಪೆ ಹಾಕಿ ಕೊಡುತ್ತಾರೆ. ಹಾಗಾಗಿ ಹೋಲಿಸಬೇಕಾದ್ದು ನಿಮ್ಮ ಡಿಸ್ಟ್ರೋದ ಸೆಕ್ಯುರಿಟಿ ಪ್ರಕಟಣೆಯಲ್ಲಿರುವ ನಂಬರಿನ ಜೊತೆಗೆ.